ಕತೆ ಕಟ್ಟಬೇಡಿ

ಅವರ ಎಡಗಿವಿಗೆ ಹಾಲೆಯೇ ಇರಲಿಲ್ಲ. ಬಲಗಿವಿಯಲ್ಲಿ ಕೆಂಪು ಹರಳಿನ ಓಲೆ, ಎಡಗಿವಿಯ ಕೆಳಗೆ ಒರಟಾಗಿ ಮಾಗಿದ ಗಾಯದ ಅಂಚು. ಶ್ರೀಲಂಕಾದ ಜಾಫ್ನಾಕ್ಕೆ ಹೋದಾಗ ನಾನೂ ನಮ್ಮವರೂ ಮೂರು ದಿನ ಉಳಿದದ್ದು ಅವರ ಮನೆಯ ಬಾಡಿಗೆ ಕೋಣೆಯಲ್ಲಿ. ಮನೆಯಮ್ಮ ಎನ್ನುತ್ತಿದ್ದೆವು. ಮೊದಲ ದಿನವೇ ಊಟಕ್ಕೆ ಕೂತ ನಮ್ಮವರು ಕಿವಿಗೇನಾಯಿತೆಂದು ಕೇಳಿಬಿಟ್ಟರು. ನಾಯಿ ಕಚ್ಚಿತು ಎಂದರು. ಮರುದಿನ ಪಕ್ಕದ ಕೋಣೆಯವರು ಕೇಳಿದಾಗ, ಬಾವಿಯ ಹಗ್ಗಕ್ಕೆ ಓಲೆ ಸಿಕ್ಕಿ ಹರಿಯಿತು ಎಂದರು. ಎರಡು ಸಲವೂ ನಗುತ್ತಲೇ ಇನ್ನೊಂದು ಸೌಟು ಅನ್ನ ಬಡಿಸಿದರು.

ನಾನು ಚೆನ್ನೈನ ವಿಮಾ ಕಚೇರಿಯೊಂದರ ಕ್ಲೈಮ್ ವಿಭಾಗದಲ್ಲಿ ಮೂವತ್ತು ವರ್ಷ ಸವೆಸಿದವಳು. ಒಂದು ಗಾಯಕ್ಕೆ ಎರಡು ಹೇಳಿಕೆ ಬಂದರೆ ಫೈಲು ಅಲ್ಲಿಗೇ ನಿಲ್ಲಬೇಕು ಎಂದು ಕಲಿತವಳು. ಎದುರು ಕೂತವರಿಗೆ "ಕದೈ ವಿಡಾದೀಂಗ", ಅಂದರೆ ಕತೆ ಕಟ್ಟಬೇಡಿ, ಎಂದು ಎಷ್ಟು ಸಲ ಗದರಿದ್ದೇನೋ ಲೆಕ್ಕವಿಲ್ಲ. ನಿವೃತ್ತಿಯಾದರೂ ಚಾಳಿ ಹೋಗಿಲ್ಲ. ಯುದ್ಧದಲ್ಲಿ ಈ ಮನೆ ಮೂರು ಸಲ ಬಿತ್ತು, ಮೂರು ಸಲವೂ ತಾನೇ ನಿಂತು ಕಟ್ಟಿಸಿದೆ ಎಂದು ಮನೆಯಮ್ಮ ಹೇಳಿದಾಗ ನಾನು ಗೋಡೆಯ ಹತ್ತಿರ ಹೋಗಿ ಇಟ್ಟಿಗೆ ನೋಡಿ ಬಂದೆ. ಮೂರು ಬಗೆಯ ಇಟ್ಟಿಗೆ ಇದ್ದವು. ಆದರೂ ಪೂರ್ತಿ ನಂಬಲಿಲ್ಲ.

ನಾವು ಹೊರಡುವ ದಿನ ಮನೆಯಮ್ಮ ಬಂದು, "ಅಕ್ಕಾ, ಉಂಗಳೋಡ ಕೊಂಜಂ ಕದೈಕ್ಕ ವೇಣುಂ" ಎಂದರು. ನಿಮ್ಮ ಹತ್ತಿರ ಸ್ವಲ್ಪ ಕತೆ ಹೇಳಬೇಕು ಎಂದೇ ನನಗೆ ಕೇಳಿಸಿತು. ತಾವೇ ಒಪ್ಪಿಕೊಂಡರಲ್ಲ ಎಂದು ಒಳಗೊಳಗೇ ನಕ್ಕೆ. ಆ ಸೀಮೆಯ ತಮಿಳಿನಲ್ಲಿ ಕದೈಕ್ಕುವುದು ಎಂದರೆ ಬರೀ ಮಾತಾಡುವುದು ಎಂದು ಆಮೇಲೆ ನಮ್ಮವರು ಹೇಳಿದರು.

ಅವರ ಕೈಯಲ್ಲೊಂದು ದೊಡ್ಡ ಡಬ್ಬಿ, ಅದರ ಬಾಯಿಗೆ ಬಟ್ಟೆ ಹಾಕಿ ಹೊಲಿದಿತ್ತು. ಒಳಗೆ ಒಡಿಯಲ್ ಹಿಟ್ಟು, ಎಂದರೆ ತಾಳೆಯ ಗೆಡ್ಡೆ ಒಣಗಿಸಿ ಬೀಸಿದ್ದು. ಚೆನ್ನೈನ ಪಲ್ಲಾವರಂನಲ್ಲಿರುವ ತಂಗಿಗೆ ಅದರ ಗಂಜಿ ಕುಡಿಯುವ ಆಸೆಯಂತೆ, ತಲುಪಿಸುತ್ತೀರಾ ಎಂದರು. ಬಿಚ್ಚಿ ತೋರಿಸಿ ಎಂದೆ. ನಮ್ಮವರು ತಲೆ ತಗ್ಗಿಸಿದರು. ಮನೆಯಮ್ಮ ಮಾತ್ರ ಹೊಲಿಗೆ ಕತ್ತರಿಸಿ, ಮೊಣಕೈವರೆಗೆ ಕೈ ಇಳಿಸಿ, ತಳದ ಹಿಟ್ಟನ್ನೂ ಮೇಲೆತ್ತಿ ತೋರಿಸಿದರು.

"ಸೋದನೈ ಎಲ್ಲಾಂ ಎಂಗಳುಕ್ಕು ಪಳಕಂ, ಅಕ್ಕಾ" ಎಂದರು. ತಪಾಸಣೆ ನಮಗೆ ರೂಢಿಯಾಗಿದೆ ಎಂದು. ಚುಚ್ಚಿ ಹೇಳಲಿಲ್ಲ. ಅಲ್ಲೇ ಕೂತು ಬಟ್ಟೆಯನ್ನು ಮತ್ತೆ ಹೊಲಿದರು.

ಬೆಸೆಂಟ್ ನಗರದ ನಮ್ಮ ಮನೆಯಲ್ಲಿ ಡಬ್ಬಿಯನ್ನು ಅಡುಗೆಮನೆಗೆ ಸೇರಿಸದೆ ಬಾಲ್ಕನಿಯಲ್ಲಿಟ್ಟೆ. ಪಲ್ಲಾವರಂಗೆ ಫೋನ್ ಮಾಡಿದರೆ ಒಬ್ಬ ಹೆಂಗಸು, "ಅಮ್ಮಾ ತೂಂಗುರಾಂಗ" ಎಂದಳು. ಬೆಳಿಗ್ಗೆ ಮಾಡಿದರೂ ಅಮ್ಮ ಮಲಗಿದ್ದಾರೆ, ಸಂಜೆ ಮಾಡಿದರೂ ಮಲಗಿದ್ದಾರೆ.

"ಹಿಟ್ಟು ಕಣೇ ಅದು, ಕೊಟ್ಟು ಬಾ" ಎಂದರು ನಮ್ಮವರು.

"ಯಾರ್ರೀ ಅಷ್ಟು ಹೊತ್ತು ನಿದ್ದೆ ಮಾಡ್ತಾರೆ? ಏನೋ ಇದೆ ಇದ್ರಲ್ಲಿ" ಎಂದೆ.

ಹೀಗೆ ಹನ್ನೊಂದು ದಿನ ಕಳೆದೆ. ಹನ್ನೆರಡನೆಯ ದಿನ ಹೋದಾಗ ತಂಗಿ ಹಾಸಿಗೆ ಹಿಡಿದಿದ್ದರು. ಕಾಯಿಲೆಯ ವಿಷಯ ಮನೆಯಮ್ಮ ನನಗೆ ಹೇಳಿಯೇ ಇರಲಿಲ್ಲ. ಅವರ ಮಗಳು ಅವಸರದಲ್ಲಿ ಗಂಜಿ ಕಾಸಿದಳು. ಎರಡು ಚಮಚ ಒಳಗೆ ಹೋಯಿತು, ಮೂರನೆಯದು ತುಟಿಯಿಂದ ಇಳಿಯಿತು. ಹೋದ ವಾರವಾಗಿದ್ದರೆ ಒಂದು ಬಟ್ಟಲು ಕುಡಿಯುತ್ತಿದ್ದರು ಎಂದಳು ಮಗಳು.

ಕಿವಿಯ ಸಂಗತಿ ಹೇಳಿದ್ದು ಆ ತಂಗಿಯೇ, ತಡೆತಡೆದು. ಯುದ್ಧದ ಕಾಲದಲ್ಲಿ ತಂಗಿಯನ್ನು ಇಂಡಿಯಾಕ್ಕೆ ದೋಣಿ ಹತ್ತಿಸುವಾಗ ದೋಣಿಯವನು ಚಿನ್ನ ಕೇಳಿದ. ಅಕ್ಕನ ಒಂದು ಓಲೆಯ ತಿರುಪು ಬಿಗಿದು ಕೂತಿತ್ತು. ದೋಣಿ ಹೊರಡುವುದರಲ್ಲಿತ್ತು. ಅಕ್ಕ ಮೀನು ಕೊಯ್ಯುವ ಕತ್ತಿ ಈಸಿಕೊಂಡಳು.

"ಇನ್ನೊಂದು ಓಲೆ ಬಳಿಕ ಮಾಡಿಸಿಕೊಂಡಳು, ಒಂದೇ ಒಂದು" ಎಂದು ನಕ್ಕರು. ಮತ್ತೆ ನಾಯಿ, ಬಾವಿ ಎಂದೆಲ್ಲ ಯಾಕೆ ಹೇಳುತ್ತಾರೆ ಎಂದೆ. "ಎಲ್ಲರೂ ಊಟಕ್ಕೆ ಕೂತಾಗಲೇ ಕೇಳ್ತಾರಂತೆ. ನಿಜ ಹೇಳಿದರೆ ಅವರಿಗೆ ಅನ್ನ ಇಳಿಯೋದು ಹೇಗೆ ಅಂತಾಳೆ."

ನಾಲ್ಕು ದಿನಕ್ಕೆ ತಂಗಿ ತೀರಿಕೊಂಡ ಸುದ್ದಿ ಬಂತು. ತಪ್ಪು ಒಪ್ಪಿಕೊಂಡುಬಿಡಬೇಕೆಂದು ಜಾಫ್ನಾಕ್ಕೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಮನೆಯಮ್ಮ ಕೇಳಿದರು, "ಸಾಪ್ಪಿಟ್ಟಾಳಾ?" ತಿಂದಳಾ?

ಆ ಹನ್ನೊಂದು ದಿನದ ಮಾತು ಎತ್ತಲಿಲ್ಲ. "ಎರಡು ಬಟ್ಟಲು, ಅಮ್ಮಾ. ಇನ್ನೂ ಬೇಕು ಅಂತ ಕೇಳಿ ಹಾಕಿಸಿಕೊಂಡರು" ಎಂದೆ.

ತಂಗಿಯ ಮಗಳು ಅವರಿಗೆ ಎಲ್ಲವನ್ನೂ ಆಗಲೇ ಹೇಳಿದ್ದಿರಬೇಕು. ಮನೆಯಮ್ಮ ಮೆತ್ತಗೆ, "ನಲ್ಲಾ ಕದೈಕ್ಕಿರೀಂಗಳ್, ಅಕ್ಕಾ" ಎಂದರು.

ಚೆನ್ನಾಗಿ ಮಾತಾಡುತ್ತೀರಿ ಎಂದರೋ, ಚೆನ್ನಾಗಿ ಕತೆ ಕಟ್ಟುತ್ತೀರಿ ಎಂದರೋ, ಗೊತ್ತಿಲ್ಲ. ಹುಟ್ಟಿದಾರಭ್ಯ ಅನುಮಾನದಲ್ಲೇ ಬದುಕಿದವಳು ನಾನು. ಇದೊಂದನ್ನು ಮಾತ್ರ ಕೇಳಿ ತಿಳಿದುಕೊಳ್ಳಲು ಇವತ್ತಿಗೂ ಹೋಗಿಲ್ಲ.