ಕೆಲಸದ ಹಾಗೆ ಕೇಳುವ ಕೀಬೋರ್ಡ್

ನನ್ನ ತಮ್ಮ ಪುಸ್ತಕ ಬರೆಯುತ್ತಾನೆ. ಹೀಗೆಂದ ಕೂಡಲೇ ಕೇಳಿದವರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗುತ್ತಾರೆ. ಅವರನ್ನು ಹೆಚ್ಚು ಹೊತ್ತು ಹಾಗೆ ಕೂರಿಸುವುದು ಪಾಪ, ಆದ್ದರಿಂದ ಹೇಳಿಬಿಡುತ್ತೇನೆ. ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ಫ್ಯಾನು ಕೊಂಡಾಗ ಡಬ್ಬದ ತಳದಲ್ಲಿ ಒಂದು ಪುಟ್ಟ ಪುಸ್ತಕ ಇರುತ್ತದಲ್ಲ, ನೀವು ತೆರೆದೂ ನೋಡದೆ ಡಬ್ಬದ ಜತೆಗೇ ಅಟ್ಟಕ್ಕೆ ಹಾಕುತ್ತೀರಲ್ಲ, ಅದು ಅವನದು. ಅವನ ಪುಸ್ತಕ ಇಲ್ಲದ ಮನೆಯಿಲ್ಲ, ಅದನ್ನು ಓದಿದ ಮನುಷ್ಯನೂ ಇಲ್ಲ.

ವಯಸ್ಸು ಮೂವತ್ತನಾಲ್ಕು. ಕನ್ನಡಕ ಇದೆ, ಬೆನ್ನುನೋವು ಇದೆ, ಸಿಟ್ಟು ಬಂದರೆ ಊಟ ಬಿಡುವ ಶಕ್ತಿ ಮಾತ್ರ ಇಲ್ಲ. ಆಫೀಸಿಗೆ ಬರುವುದು ಬೇಡ, ಮನೆಯಲ್ಲೇ ಕೂತು ಬರೆ ಎಂದು ಕಂಪನಿಯವರು ಹೇಳಿದ್ದಾರೆ. ದೊಡ್ಡ ಉಪಕಾರ ಮಾಡಿದೆವೆಂದು ಅವರು ತಿಳಿದಿದ್ದಾರೆ. ಅವರು ನಮ್ಮ ಮನೆಯನ್ನು ನೋಡಿಲ್ಲ.

ನಮ್ಮದು ಸದ್ದಿನ ಮನೆ. ಅಪ್ಪ ನಲವತ್ತು ವರ್ಷ ತಗಡು ಬಡಿದವನು. ಬಕೆಟ್ಟು, ಆಲಿಕೆ, ಹೊಗೆ ಹೋಗುವ ಕೊಳವೆ, ಏನು ಬೇಕಾದರೂ ಬಡಿದು ಕೊಡುತ್ತಿದ್ದ. ಈಗ ಅಂಗಡಿ ಮುಚ್ಚಿದ್ದರೂ ಹಿತ್ತಲಲ್ಲಿ ಕೂತು ಬೆಳಗಿನಿಂದ ಏನಾದರೊಂದನ್ನು ಬಡಿಯುತ್ತಲೇ ಇರುತ್ತಾನೆ. ಅಮ್ಮನಿಗೆ ಪಾತ್ರೆಯನ್ನು ಇಡುವುದು ಗೊತ್ತಿಲ್ಲ, ಕುಕ್ಕುವುದು ಗೊತ್ತು. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಓಡಿಸುತ್ತೇನೆ. ಶಾಲೆಯ ಯೂನಿಫಾರ್ಮು, ಕಿಟಕಿಯ ಪರದೆ, ಉದ್ದವಾದ ಪ್ಯಾಂಟು ಗಿಡ್ಡ ಮಾಡುವುದು, ಹೀಗೆ ಇಪ್ಪತ್ತೆರಡು ವರ್ಷ. ಇಂಥ ಮನೆಯಲ್ಲಿ ಬಾಗಿಲು ಹಾಕಿಕೊಂಡು ಸದ್ದಿಲ್ಲದೆ ಕೂತವನು ಎಂದರೆ ಸುಮ್ಮನೆ ಕೂತವನು, ಅಷ್ಟೆ.

"ಸುಮ್ನೆ ತಾನೆ ಕೂತಿದೀಯ, ಸಿಲಿಂಡರ್ ಬದಲಾಯಿಸ್ಕೊಡು" ಎಂದು ಅಮ್ಮ ಬಾಗಿಲು ತಳ್ಳುತ್ತಾಳೆ.

"ಬರೀತಿದೀನಮ್ಮ."

"ಎಲ್ಲಿ ಬರೀತಿದೀಯ? ಕೈ ಕೆನ್ನೆ ಮೇಲಿದೆ."

ಅವನು ಹೋಗಿ ಸಿಲಿಂಡರ್ ಬದಲಾಯಿಸಿ ಬರುವಷ್ಟರಲ್ಲಿ ಅಪ್ಪನಿಗೆ ಏಣಿ ಹಿಡಿಯಲು ಜನ ಬೇಕಾಗುತ್ತದೆ. ಏಣಿಯಿಂದ ಬಿಡುಗಡೆಯಾದರೆ ಎದುರುಮನೆಯವರ ಟಿವಿಗೆ ಏನೋ ಆಗಿರುತ್ತದೆ. ಹೀಗೆ ಏಣಿಗೂ ಟಿವಿಗೂ ನಡುವೆ ಬರೆದ ಇಸ್ತ್ರಿ ಪೆಟ್ಟಿಗೆಯ ಪುಸ್ತಕದಲ್ಲಿ, ಪೆಟ್ಟಿಗೆಯನ್ನು ವಾರಕ್ಕೊಮ್ಮೆ ನೀರಿನಲ್ಲಿ ಮುಳುಗಿಸಿ ತೊಳೆಯಿರಿ ಎಂದು ಬಂದುಬಿಟ್ಟಿತ್ತು. ಅಚ್ಚಿಗೆ ಹೋಗುವ ಮೊದಲು ಕಂಪನಿಯವರ ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ಎಷ್ಟು ಮನೆಯವರಿಗೆ ಶಾಕ್ ಹೊಡೆಯುತ್ತಿತ್ತೋ ಕಾಣೆ. ಅದಾದ ಮೇಲೆ ಎರಡು ಪುಸ್ತಕ ತಡವಾದವು. ಇನ್ನೊಂದು ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಾಗದ ಬಂತು. ಅದನ್ನು ಅವನು ತೋರಿಸಿದ್ದು ನನಗೊಬ್ಬಳಿಗೆ. ತೋರಿಸುವಾಗ ಅವನ ಮುಖ ಸುಣ್ಣದ ಹಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ನಾಲ್ಕು ಮಾತು ಹೇಳುತ್ತಿದ್ದರು. ನಮ್ಮವನು ಕೀಬೋರ್ಡ್ ಕೊಳ್ಳಲು ಹೊರಟ.

"ಮೆಕ್ಯಾನಿಕಲ್ ಕೀಬೋರ್ಡ್ ಅಕ್ಕಾ. ಒಂದೊಂದು ಅಕ್ಷರದ ಕೆಳಗೂ ಒಂದೊಂದು ಸ್ಪ್ರಿಂಗ್ ಇರತ್ತೆ. ಒತ್ತಿದ್ರೆ ಮನೆಯೆಲ್ಲ ಕೇಳತ್ತೆ."

"ಮನೆಯೆಲ್ಲ ಕೇಳಿ ಏನಾಗ್ಬೇಕು?"

"ಕೆಲಸ ಮಾಡ್ತಿದೀನಿ ಅಂತ ಗೊತ್ತಾಗ್ಬೇಕು."

ನಗು ಬಂತು. ಆಮೇಲೆ ಯೋಚಿಸಿದರೆ, ಮೂವತ್ತನಾಲ್ಕು ವರ್ಷದಲ್ಲಿ ಅವನು ಈ ಮನೆಯ ಬಗ್ಗೆ ಹೇಳಿದ ಒಂದೇ ಒಂದು ಬುದ್ಧಿಯ ಮಾತು ಅದು.

ಆದರೆ ಕೊಳ್ಳುವುದು ಅಂಗಡಿಗೆ ಹೋಗಿ ತರುವ ಕೆಲಸ ಎಂದು ನಾನು ತಿಳಿದಿದ್ದೆ. ದಡ್ಡಿ ನಾನು. ಅದಕ್ಕೊಬ್ಬ ಗುರು ಬೇಕಿತ್ತು, ಅವನೂ ಸಿಕ್ಕಿದ. ಮೊಬೈಲ್ ರಿಪೇರಿ ಮಾಡುವ ಇವನ ಹಳೆಯ ಗೆಳೆಯ, ನಾವು ಪಂಡಿತ ಎಂದು ಕರೆಯುತ್ತೇವೆ. ಪಂಡಿತನ ಪ್ರಕಾರ ಕೀಗಳ ಕೆಳಗಿನ ಸ್ವಿಚ್ಚುಗಳಲ್ಲಿ ಮೂರು ಕುಲ. ನೀಲಿಯದು ಒತ್ತಿದರೆ ಚಟಕ್ ಎನ್ನುತ್ತದೆ. ಕಂದು ಬೆರಳಿಗೆ ತಿಳಿಯುತ್ತದೆ, ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ಕೆಂಪು ಎಣ್ಣೆ ಹಚ್ಚಿದ ಹಾಗೆ ಸುಮ್ಮನೆ ಇಳಿಯುತ್ತದೆ, ಗೇಮ್ ಆಡುವವರಿಗೆ ಅದೇ ಸರಿ. ನಮ್ಮವನಿಗೆ ಗೇಮೂ ಬೇಕು. ಸಂಜೆ ಏಳರಿಂದ ಎಂಟೂವರೆವರೆಗೆ ಅವನೂ ಪಂಡಿತನೂ ತಂತಮ್ಮ ಮನೆಯಲ್ಲಿ ಕೂತು ಒಂದೇ ಯುದ್ಧ ಮಾಡುತ್ತಾರೆ. ಆ ಯುದ್ಧದಲ್ಲಿ ನನ್ನ ತಮ್ಮ ದಿನಾ ಸಾಯುತ್ತಾನೆ, ಹಳೆಯ ಕೀಬೋರ್ಡ್ ನಿಧಾನ ಎಂಬ ಒಂದೇ ಕಾರಣಕ್ಕೆ.

ಆರು ವಾರ ಈ ಚಿಂತನೆ ನಡೆಯಿತು. ಗಡ್ಡ ಬಿಟ್ಟ ಗಂಡಸರು ಒಂದು ಕೀಯನ್ನು ಒತ್ತಿ ಕಣ್ಣು ಮುಚ್ಚಿ ತಲೆದೂಗುವ ವೀಡಿಯೋಗಳನ್ನು ಊಟದ ತಟ್ಟೆಯ ಮುಂದಿಟ್ಟುಕೊಂಡು ನೋಡಿದ. ಓದಲು ಕಾಲೇಜು ಆರಿಸಿದಾಗ ಇವನಿಗೆ ಅರ್ಧ ಗಂಟೆ ಸಾಕಾಗಿತ್ತು. ಈಗ ಕೀಯ ಮೇಲಿನ ಪ್ಲಾಸ್ಟಿಕ್ಕು ದಪ್ಪನೆಯದೋ ತೆಳ್ಳನೆಯದೋ ಎಂಬುದಕ್ಕೇ ಎರಡು ಭಾನುವಾರ ಹೋದವು.

ಕೊನೆಗೆ ಪಂಡಿತ ಒಂದು ಅಂಗೈಯಗಲದ ಹಲಗೆ ತಂದುಕೊಟ್ಟ. ಅದರಲ್ಲಿ ಮೂರು ಬಣ್ಣದ ಸ್ವಿಚ್ಚುಗಳನ್ನು ಸಾಲಾಗಿ ಕೂರಿಸಿತ್ತು, ಒತ್ತಿ ನೋಡುವುದಕ್ಕೆಂದೇ. ನನ್ನ ಮಹಾನುಭಾವ ತಮ್ಮ ಮಾಡಿದ್ದೇನೆಂದರೆ, ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ತಾನು ಕೋಣೆಯ ಬಾಗಿಲು ಹಾಕಿಕೊಂಡ.

"ಅಕ್ಕಾ, ಯಾವುದು ಕೆಲಸದ ಹಾಗೆ ಕೇಳತ್ತೆ ಹೇಳು" ಎಂದು ಒಳಗಿನಿಂದ ಕೂಗಿದ.

ಮೊದಲನೆಯದಕ್ಕೆ ನನಗೆ ಏನೂ ಕೇಳಲಿಲ್ಲ. ಇದು ಸೋಮಾರಿತನ ಎಂದೆ. ಅದು ಕೆಂಪು. ಎರಡನೆಯದು ಯಾರೋ ಉಗುರು ಕತ್ತರಿಸಿಕೊಂಡ ಹಾಗಿತ್ತು. ಇದು ಸೋಮಾರಿ ಸ್ನಾನ ಮಾಡಿ ಕೂತಿರೋದು ಎಂದೆ. ಅದು ಕಂದು. ಮೂರನೆಯದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಒಲೆಯ ಮುಂದಿನಿಂದ ತಿರುಗಿದಳು.

"ಒಳಗೇನೋ ಕೆಲಸ ನಡೀತಿದೆ ಅನ್ಸತ್ತೆ. ಏನು ರಿಪೇರಿ ಮಾಡ್ತಿದಾನೆ?"

ನೀಲಿ ಗೆದ್ದಿತು. ಗೇಮಿಗೆ ಕೆಂಪೇ ಬೇಕು ಎಂದು ಪಂಡಿತ ಕೊನೆಯವರೆಗೂ ಗೋಗರೆದ. ಗೇಮಿನಲ್ಲಿ ಸತ್ತರೆ ಮತ್ತೆ ಹುಟ್ಟಬಹುದು, ಮನೆಯಲ್ಲಿ ಒಂದೇ ಜೀವ ಎಂದು ನಮ್ಮವನು ಉತ್ತರಿಸಿದ.

ಕೀಬೋರ್ಡ್ ಬಂದ ಮರುದಿನದಿಂದ ನಮ್ಮ ಮನೆಯ ಕಥೆಯೇ ಬದಲಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಚಟಪಟ ಶುರುವಾಯಿತು. ಅಮ್ಮ ಪಾತ್ರೆ ಕುಕ್ಕಲು ಎತ್ತಿದವಳು ಮೆಲ್ಲಗೆ ಇಳಿಸಿದಳು. ಆ ವಿದ್ಯೆ ಅವಳಿಗೆ ಗೊತ್ತಿತ್ತು ಎಂದು ನನಗೆ ಆವತ್ತೇ ತಿಳಿದದ್ದು. ಅಪ್ಪನಿಗೆ ಕಿವಿ ಸ್ವಲ್ಪ ಮಂದ, ಅವನು ಬಾಗಿಲಿಗೆ ಕಿವಿ ತಂದು ಹಚ್ಚಿ ನಿಂತ. ನಿಂತು ಕೇಳಿ, ಹಿತ್ತಲಿಗೆ ಹೋಗಿ ಸುತ್ತಿಗೆ ಕೆಳಗಿಟ್ಟ.

"ತಗಡಿನ ಕೆಲಸ ಮಧ್ಯಾಹ್ನಕ್ಕೆ ಇಟ್ಕೋತೀನಿ. ಹುಡುಗ ದುಡೀತಿದಾನೆ" ಎಂದ.

ಸಂಜೆಯದು ಇನ್ನೂ ಚೆನ್ನ. ಏಳು ಗಂಟೆಗೆ ಯುದ್ಧ ಶುರುವಾದರೆ ಕೀಬೋರ್ಡ್ ಹಗಲಿಗಿಂತ ಎರಡರಷ್ಟು ಬಡಿದುಕೊಳ್ಳುತ್ತಿತ್ತು. ಪಾಪ, ಮೈಮುರಿದು ದುಡಿಯುತ್ತಾನೆ ಎಂದು ಅಮ್ಮ ಬಿಸಿ ಹಾಲು ತೆಗೆದುಕೊಂಡು ಹೋಗುತ್ತಿದ್ದಳು. ಮಗ ಅಷ್ಟು ಹೊತ್ತಿಗೆ ಹನ್ನೊಂದು ಸಲ ಸತ್ತು ಹನ್ನೆರಡನೆಯ ಸಲಕ್ಕೆ ಎದ್ದು ಕೂತಿರುತ್ತಿದ್ದ. ನನಗೆ ಮಾತ್ರ ಕೂತಲ್ಲಿಂದಲೇ ಗೊತ್ತಾಗುತ್ತಿತ್ತು. ಬಟ್ಟೆಯ ಮೇಲೆ ಓಡುವ ಸೂಜಿಗೂ ಖಾಲಿ ಓಡುವ ಸೂಜಿಗೂ ಸದ್ದು ಬೇರೆ. ಬರೆಯುವಾಗ ಒಂದಿಷ್ಟು ಓಡಿ ನಿಲ್ಲುತ್ತದೆ, ಯೋಚಿಸುತ್ತದೆ, ಮತ್ತೆ ಓಡುತ್ತದೆ. ಆಟದಲ್ಲಿ ನಾಲ್ಕೇ ಕೀ ಬಡಿಸಿಕೊಳ್ಳುತ್ತವೆ. ಹೇಳಲಿಲ್ಲ ನಾನು. ಅವನ ಮುಖಕ್ಕೆ ರಕ್ತ ಬಂದಿತ್ತು, ಪುಸ್ತಕ ಸಮಯಕ್ಕೆ ಸರಿಯಾಗಿ ಸಾಗುತ್ತಿತ್ತು, ಹಾಲು ತಾನೆ, ಕುಡಿಯಲಿ.

ಒಂದು ಸಂಗತಿಯನ್ನು ಮಾತ್ರ ಆ ಆರು ವಾರದ ಚಿಂತನೆಯಲ್ಲಿ ಗುರುಶಿಷ್ಯರಿಬ್ಬರೂ ಯೋಚಿಸಿರಲಿಲ್ಲ. ಬರೆದದ್ದನ್ನು ಕಳಿಸುವ ಮೊದಲು ಒಂದು ಸಲ ಓದಬೇಕು. ಓದುವುದಕ್ಕೆ ಸದ್ದಿಲ್ಲ.

ನೀರು ಕಾಯಿಸುವ ಹೀಟರಿನ ಪುಸ್ತಕ, ಅರವತ್ತನಾಲ್ಕು ಪುಟ. ಅವತ್ತು ಮಧ್ಯಾಹ್ನ ಎರಡರೊಳಗೆ ಕಳಿಸಬೇಕು, ತಡವಾದರೆ ಕೆಲಸ ಹೋಯಿತು. ಕರೆಂಟೂ ನೀರೂ ಸೇರುವ ವಸ್ತು, ಇಸ್ತ್ರಿ ಪೆಟ್ಟಿಗೆಯ ಹಾಗೆ ಒಂದು ಪದ ಜಾರಿದರೂ ಕೆಲಸ ಹೋಯಿತು. ಅವನು ಒಂಬತ್ತಕ್ಕೆ ಬೆರಳಿಟ್ಟು ಓದಲು ಕೂತ. ಕೀಬೋರ್ಡ್ ಸದ್ದು ನಿಂತಿತು. ಒಂಬತ್ತೂಕಾಲಿಗೆ ಅಪ್ಪ ಬಾಗಿಲು ತಟ್ಟಿದ.

"ಇವತ್ತು ಬೇಗ ಮುಗೀತಾ? ಏಣಿ ಹಿಡ್ಕೋ ಬಾ."

ಏಣಿಯ ನಂತರ ಸಿಲಿಂಡರ್. ಸಿಲಿಂಡರಿನ ನಂತರ ಎದುರುಮನೆ. ಹನ್ನೊಂದಕ್ಕೆ ಅವನು ನನ್ನ ಮಿಷನ್ನಿನ ಪಕ್ಕ ಬಂದು ನಿಂತ. ಕಣ್ಣಲ್ಲಿ ನೀರು ತುಂಬಿತ್ತು.

"ಅಕ್ಕಾ, ಒಂಬತ್ತು ಪುಟ ಆಗಿದೆ. ಒಂದೇ ಉಪಾಯ ಇದೆ, ಬೈಬೇಡ. ನೀನು ಬಂದು ಟೈಪ್ ಮಾಡ್ತಿರ್ತೀಯಾ?"

"ನಂಗೇನು ಬರತ್ತೆ ಟೈಪು?"

"ಬರೋದು ಬೇಡ. ವೈರ್ ಕಿತ್ತು ಕೊಡ್ತೀನಿ. ಬರೀ ಸದ್ದು ಮಾಡ್ತಿರು, ಪಕ್ಕದಲ್ಲಿ ನಾನು ಓದ್ಕೋತೀನಿ."

ನನ್ನ ಮುಂದೆ ಹದಿನೆಂಟು ಅಂಗಿ ಬಿದ್ದಿದ್ದವು, ಕಾಲರ್ ಕೂರಿಸುವುದು ಬಾಕಿ. ಬಾಯಿಗೆ ಬಂದ ಬೈಗುಳವನ್ನು ನುಂಗಿದೆ. ಎಷ್ಟೆಂದರೂ ಎತ್ತಿ ಆಡಿಸಿದ ತಮ್ಮ. ಸೂಜಿ ಕೆಳಗಿಳಿಸಿ, ಅಂಗಿ ಹಾಗೇ ಬಿಟ್ಟು ಎದ್ದೆ.

ಬಾಗಿಲು ಹಾಕಿಕೊಂಡೆವು. ವೈರ್ ಕಿತ್ತ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಬಡಿಯತೊಡಗಿದೆ. ಅವನು ಓದುತ್ತಲೇ ಕೈಯಾಡಿಸಿದ.

"ಹಾಗಲ್ಲ ಅಕ್ಕಾ. ಗೇಮಿನ ಹಾಗೆ ಕೇಳ್ತಿದೆ."

ಆಗ ನನಗೆ ಗೊತ್ತಿರುವ ಲೆಕ್ಕದಲ್ಲೇ ಹೊಡೆದೆ. ಉದ್ದಕ್ಕೆ ಓಡುವುದು, ಮೂಲೆಗೆ ಬಂದಾಗ ನಿಲ್ಲುವುದು, ತಿರುಗುವುದು, ಮತ್ತೆ ಓಡುವುದು. ಸರಿಹೋಯಿತು. ಹಿತ್ತಲಿನ ಸುತ್ತಿಗೆ ನಿಂತಿತು. ಅಡುಗೆಮನೆಯಲ್ಲಿ ಪಾತ್ರೆಗಳು ಮೆಲ್ಲಗಾದವು. ತಮ್ಮ ಪುಟ ತಿರುವುತ್ತ ಹೋದ, ಇಪ್ಪತ್ತು, ಮೂವತ್ತು. ಒಂದು ಗಂಟೆ ಕಾಲ ಕಳೆದರೂ ಬಾಗಿಲಿಗೆ ಒಂದು ಬೆರಳು ತಾಗಲಿಲ್ಲ.

ಅಷ್ಟರಲ್ಲಿ ಮುಂಬಾಗಿಲಲ್ಲಿ ಒಬ್ಬ ಹೆಂಗಸಿನ ದನಿ ಕೇಳಿತು, ಮಕ್ಕಳ ಅಂಗಿಗೆ ಬಂದವಳು. ಅಮ್ಮ ಓಡಿ ಹೋದಳು.

"ಶ್, ಮೆಲ್ಲಗೆ ಮಾತಾಡಿ. ಒಳಗೆ ಕೆಲಸ ನಡೀತಿದೆ."

"ಹೊಲಿಯೋಳು ಇಲ್ವಾ?"

"ಅವಳಾ, ಇಲ್ಲೇ ಎಲ್ಲೋ ಇರ್ತಾಳೆ. ಕೂತ್ಕೊಳಿ, ಬರ್ತಾಳೆ."

ನನ್ನ ಬೆರಳು ನಿಲ್ಲಲಿಲ್ಲ. ನನ್ನ ಮಿಷನ್ ಈ ಕೀಬೋರ್ಡಿಗಿಂತ ಜೋರಾಗಿ ಓಡುತ್ತದೆ. ಇಪ್ಪತ್ತೆರಡು ವರ್ಷದಿಂದ ಓಡುತ್ತಿದೆ. ಅದು ಓಡುತ್ತಿರುವಾಗಲೇ ಅಮ್ಮ ಬಂದು ಉಪ್ಪು ಸರಿಯಿದೆಯಾ ನೋಡು ಎಂದು ಸೌಟು ಬಾಯಿಗೆ ಹಿಡಿಯುತ್ತಾಳೆ. ಅಪ್ಪ ಕನ್ನಡಕ ಎಲ್ಲಿಟ್ಟೆ ಎನ್ನುತ್ತಾನೆ. ಇದೇ ತಮ್ಮ ಎಷ್ಟು ಸಲ ಗುಂಡಿ ಕಿತ್ತ ಅಂಗಿಯನ್ನು ನನ್ನ ಸೂಜಿಯ ಮೇಲೆಯೇ ಎಸೆದಿದ್ದಾನೆ. ತುಟಿಯ ನಡುವೆ ಪಿನ್ನು ಕಚ್ಚಿಕೊಂಡೇ ನಾನು ಎಲ್ಲರಿಗೂ ಉತ್ತರ ಕೊಟ್ಟಿದ್ದೇನೆ. ಒಬ್ಬರಾದರೂ ಒಂದು ದಿನವಾದರೂ ಇನ್ನೊಬ್ಬರಿಗೆ ಶ್ ಎಂದಿಲ್ಲ. ಇವತ್ತು ಅಂದರು, ನನ್ನ ಬೆರಳಿನ ಸದ್ದಿಗೇ ಅಂದರು, ಅದು ಅವನದು ಎಂದುಕೊಂಡು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅಳುವೂ ಬಂತು. ಆದರೂ ಆ ನಿಶ್ಶಬ್ದ ಎಷ್ಟು ಹಿತವಾಗಿತ್ತೆಂದರೆ, ನನಗೆ ಅಲ್ಲಿಂದ ಏಳುವ ಮನಸ್ಸೇ ಇರಲಿಲ್ಲ.

ಒಂದೂವರೆಗೆ ಅವನು ಕೊನೆಯ ಪುಟ ಮುಗಿಸಿದ. ಎರಡು ತಪ್ಪು ಸಿಕ್ಕಿದ್ದವು, ಹಳೆಯ ಕೀಬೋರ್ಡ್ ಸಿಕ್ಕಿಸಿ ತಿದ್ದಿ ಕಳಿಸಿದ. ಸ್ವಲ್ಪ ಹೊತ್ತಿನಲ್ಲೇ ಬಂದು ಸೇರಿತು ಎಂದು ಕಂಪನಿಯಿಂದ ಉತ್ತರವೂ ಬಂತು. ಅವನು ಕುರ್ಚಿಗೆ ಒರಗಿ ಉಸಿರು ಬಿಟ್ಟ.

"ಬದುಕಿದೆ ಅಕ್ಕಾ. ಮುಗೀತು. ಇನ್ನು ನಿಲ್ಸು."

ನಾನು ನಿಲ್ಲಿಸಲಿಲ್ಲ.

"ಅಕ್ಕಾ, ಕಳಿಸಾಯ್ತು. ಸಾಕು."

"ನಿಂದು ಮುಗೀತು. ನಂದು ಇನ್ನೂ ಸ್ವಲ್ಪ ಇದೆ" ಎಂದೆ.

ಅವನು ವೈರಿಲ್ಲದ ಕೀಬೋರ್ಡನ್ನು ನೋಡಿದ, ನನ್ನ ಮುಖ ನೋಡಿದ. ಹೊರಗೆ ಅಪ್ಪ ಏನೋ ಕೇಳುತ್ತ ಬಾಗಿಲ ಹತ್ತಿರ ಬಂದ. ಅಮ್ಮ ಅವನಿಗೂ ಶ್ ಎಂದಳು.