ಸಾಬೂದಾಣಿ ಚೀಲ, ಬಿಸಿ ಸಾಂಬಾರು

ವಿಜಯಪುರದಿಂದ ಬೆಳಗಿನ ಬಸ್ಸು ಹಿಡಿದವಳು ಸೊಲ್ಲಾಪುರ ದಾಟುವಷ್ಟರಲ್ಲೇ ಬೆನ್ನು ನೋವೆಂದು ಗೊಣಗತೊಡಗಿದ್ದೆ. ಪುಣೆಯ ಸ್ವಾರಗೇಟಿನಲ್ಲಿ ಇಳಿದಾಗ ಸಂಜೆ, ಜಿಟಿಜಿಟಿ ಮಳೆ. ಬಿಬವೇವಾಡಿಗೆ ರಿಕ್ಷಾದವನು ಮೀಟರಿನ ಮೇಲೆ ಇಪ್ಪತ್ತು ರೂಪಾಯಿ ಕೇಳಿದ. ಮುರುಕು ಮರಾಠಿಯಲ್ಲಿ ಜಗಳಾಡಿ ಸೋತೆ. ಗೆಳತಿ ಶೈಲಾ ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್, ನನ್ನ ಹಾಗೆಯೇ. ಪ್ಲಾಸ್ಟಿಕ್ಕಿಗೆ ಬದಲಿಯನ್ನು ಮಕ್ಕಳ ಕೈಯಿಂದಲೇ ಮಾಡಿಸುತ್ತಾಳೆಂದು ಕೇಳಿ, ಕಲಿತು ಬರೋಣವೆಂದು ಹೊರಟಿದ್ದೆ.

ಮರುದಿನ ಶನಿವಾರ. ಪ್ರಯೋಗಶಾಲೆಯ ತುಂಬ ವಿನೆಗರ್ ವಾಸನೆ. ಒಂಬತ್ತನೆಯ ತರಗತಿಯವರು ಸಾಬೂದಾಣಿ, ಅಂದರೆ ಸಬ್ಬಕ್ಕಿಯ ಹಿಟ್ಟಿಗೆ ನೀರು, ವಿನೆಗರ್, ಗ್ಲಿಸರಿನ್ ಬೆರೆಸಿ ಕುದಿಸಿ ಸ್ಟೀಲ್ ತಟ್ಟೆಗೆ ಸವರುತ್ತಿದ್ದರು. ಹಿಂದಿನ ವಾರ ಒಣಗಿದ ಹಾಳೆಯಿಂದ ನೇತ್ರಾ ಎಂಬ ನಮ್ಮ ಕಡೆಯ ಕನ್ನಡದ ಹುಡುಗಿ ಚೀಲ ಮಾಡಿದ್ದಳು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ಅಬ್ಬಾ, ನನಗೆ ಹೊಟ್ಟೆಕಿಚ್ಚೇ ಆಯಿತು!

“ಭಾಳ ಹೊಗಳಬ್ಯಾಡ,” ಎಂದಳು ಶೈಲಾ. “ಇದು ಉಪಯೋಗಕ್ಕ ಬರತದಂತ ಇವತ್ತ ತೋರಸಬೇಕು. ಇಲ್ಲಾಂದ್ರ ಹೆಡ್‌ಮಾಸ್ತರು ಶನಿವಾರದ ಪ್ರಯೋಗ ಬಂದ್ ಮಾಡಿ ಟ್ಯೂಷನ್ ಇಡತಾರ.”

ಮಧ್ಯಾಹ್ನ ಶೈಲಾ, ನೇತ್ರಾ, ನಾನು ಮೂವರೂ ಚೀಲವನ್ನು ಪರೀಕ್ಷಿಸಲೆಂದು ಪಕ್ಕದ ಉಡುಪಿ ಹೋಟೆಲಿಗೆ ಹೋದೆವು. ಮಾಲೀಕ ಶೇಖರಣ್ಣ ಕುಂದಾಪುರದವರು. ಇಡ್ಲಿ ತಿನ್ನಿಸದೆ ಮಾತಿಗೇ ಬಿಡಲಿಲ್ಲ. ಆಮೇಲೆ ತಾವೇ ಬಿಸಿ ಸಾಂಬಾರನ್ನು ಚೀಲಕ್ಕೆ ಹೊಯ್ದರು. ಚಹಾ ಮುಗಿಯುವ ಮುನ್ನವೇ ತಳ ಮೆತ್ತಗಾಗಿ ಸಾಂಬಾರು ಟೇಬಲ್ಲಿನ ಮೇಲೆಲ್ಲ ಹರಿಯಿತು. ನೇತ್ರಾಳ ಕಣ್ಣು ತುಂಬಿದವು.

“ಅಳ್ಬೇಡ ಮಾರಾಯ್ತಿ,” ಎಂದು ಶೇಖರಣ್ಣ ಫೋನ್ ಎತ್ತಿಕೊಂಡರು. “ನಿಮ್ಮ ಹೆಡ್‌ಮಾಸ್ಟ್ರು ನಮ್ಮ ಗಿರಾಕಿಯೇ. ಚೀಲ ಗಟ್ಟಿ ನಿಂತಿತು ಅಂತ ನಾನು ಹೇಳ್ತೆ.”

ಶೈಲಾ ಆಸೆಯಿಂದ ಫೋನಿನತ್ತ ನೋಡಿದಳು. ಹೇಳಿಬಿಡಲಿ ಮಹಾರಾಯ ಎಂದು ನನಗೂ ಅನ್ನಿಸಿತು.

ನೇತ್ರಾ ಯೂನಿಫಾರ್ಮಿನ ತೋಳಿಗೆ ಮೂಗೊರೆಸಿಕೊಂಡಳು. “ಬ್ಯಾಡ್ರಿ ಅಣ್ಣಾ. ಸೋರ್ತು ಅಂತನ ಹೇಳ್ರಿ. ಯಾಕ ಸೋರ್ತು ಅಂತ ನೋಡಾಕ ನಮಗ ಮುಂದಿನ ಶನಿವಾರ ಬೇಕು ಅಂತ ಹೇಳ್ರಿ.”

ಶೇಖರಣ್ಣ ಅವಳನ್ನೇ ನೋಡಿದರು. ಆಮೇಲೆ ಅದನ್ನೇ ಮರಾಠಿಯಲ್ಲಿ ಫೋನಿಗೆ ಹೇಳಿದರು. ಆ ಕಡೆಯ ಮಾತು ನಮಗೆ ಕೇಳಿಸಲಿಲ್ಲ.

“ಏನಂದ್ರು ಹೆಡ್‌ಮಾಸ್ತರು?” ಶೈಲಾ ಅವಸರದಿಂದ ಕೇಳಿದಳು.

“ಒಂದೇ ಶನಿವಾರ ಸಾಕಾ ಅಂತ ಕೇಳಿದ್ರು.”

ಭಾನುವಾರ ಸ್ವಾರಗೇಟಿನಲ್ಲಿ ನನ್ನನ್ನು ಬಸ್ಸು ಹತ್ತಿಸಲು ಶೈಲಾಳ ಜೊತೆ ನೇತ್ರಾಳೂ ಬಂದಿದ್ದಳು. ಉಳಿದಿದ್ದ ಹಾಳೆಯಿಂದ ನನಗೆಂದು ಹೊಸ ಚೀಲ ಮಾಡಿ ತಂದಿದ್ದಳು; ಸೋರಿದ್ದನ್ನೂ ಕಾಗದದಲ್ಲಿ ಸುತ್ತಿ ಹಿಡಿದಿದ್ದಳು.

“ಇದು ಬ್ಯಾಡವ್ವಾ,” ಎಂದೆ. “ಸೋರಿದ್ದನ್ನ ಕೊಡು. ನಮ್ಮ ಹುಡುಗರಿಗೆ ಅದನ್ನ ತೋರಸ್ತೀನಿ.”