ಅಕ್ಕೋರು ಹೊಡೆದ ಮೊಳೆಗಳು

ಅಕ್ಕೋರ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪಾಗಿರುತ್ತಿತ್ತು. ಸುತ್ತಿಗೆಯ ಪೆಟ್ಟು ಎಷ್ಟೋ ಸಲ ಮೊಳೆ ಬಿಟ್ಟು ಅಲ್ಲಿಗೇ ಬೀಳುತ್ತಿತ್ತು. ಒಂದು ಉಗುರು ಉದುರಿ ಹೊಸದು ಬರುವಷ್ಟರಲ್ಲಿ ಇನ್ನೊಂದು ಪೆಟ್ಟು ಬಿದ್ದಿರುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂರು ನಾಲ್ಕು ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಗೋಡೆಯ ಮುಂದೆ ಮೊಣಕಾಲೂರಿ ಕೂರುತ್ತಿದ್ದರು. ಮೊಳೆ ದೊಡ್ಡವರ ಎತ್ತರಕ್ಕಲ್ಲ, ಮಕ್ಕಳ ಕಣ್ಣಿನ ಎತ್ತರಕ್ಕೆ ಇರಬೇಕು. ಹಳೆಯ ಗೋಡೆ, ಗಾರೆ ಉದುರುತ್ತಿತ್ತು. ವಾರಕ್ಕೊಮ್ಮೆಯಾದರೂ ಯಾವುದಾದರೂ ಮೊಳೆ ಸಡಿಲವಾಗುತ್ತಿತ್ತು.

ಧಾರವಾಡದ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಮುಂಬಯಿಗೆ ಬಂದ ಮೇಲೂ ಅವರಿಗೆ ಆ ಹೆಸರೇ ಉಳಿಯಿತು. ಮಲಾಡ್ ಸ್ಟೇಷನ್ನಿನ ಪೂರ್ವಕ್ಕೆ ಕನ್ನಡಿಗರ ಸಂಘವೊಂದರ ಕಟ್ಟಡವಿತ್ತು. ಅದರ ಹಿಂದುಗಡೆಯ ಕೋಣೆಯನ್ನು ಸಂಘದವರು ಅವರಿಗೆ ಬಾಡಿಗೆಯಿಲ್ಲದೆ ಕೊಟ್ಟಿದ್ದರು. ಐವತ್ತರ ದಶಕದ ನಡುವಿನ ವರ್ಷಗಳು ಅವು. ಆರು ಮಕ್ಕಳು ಬರುತ್ತಿದ್ದರು. ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳದ ಮಕ್ಕಳು. ಅವರಲ್ಲಿ ಒಬ್ಬಳು ನನ್ನ ತಂಗಿ.

ಅವಳಿಗೆ ಆಗ ಒಂಬತ್ತು ವರ್ಷ. ಮಾತಾಡುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಬಾಗಿಲನ್ನು ತೆಗೆದು ಹಾಕುತ್ತ ಅರ್ಧ ದಿನ ಕಳೆಯುತ್ತಿದ್ದಳು. ನಿತ್ಯದ ಗಲ್ಲಿ ಬಿಟ್ಟು ಪಕ್ಕದ ಗಲ್ಲಿಯಲ್ಲಿ ಕರೆದುಕೊಂಡು ಹೋದರೆ ರಸ್ತೆಯಲ್ಲೇ ಬಿದ್ದು ಕಿರುಚುತ್ತಿದ್ದಳು. ಈಗ ಇದಕ್ಕೆ ಆಟಿಸಂ ಎಂಬ ಹೆಸರಿದೆ. ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಆಗ ಇದ್ದ ಹೆಸರು ಹುಚ್ಚಿ.

ತಾಯಿ ತೀರಿಕೊಂಡಿದ್ದಳು. ಅಪ್ಪ ವಿಜಾಪುರದವರು, ಪರೇಲಿನ ಗಿರಣಿಯೊಂದರ ಆಫೀಸಿನಲ್ಲಿ ಗುಮಾಸ್ತ. ನಾನು ಫೋರ್ಟಿನ ಒಂದು ಪತ್ರಿಕೆಯಲ್ಲಿ ಹೊಸದಾಗಿ ಸೇರಿದ ಉಪಸಂಪಾದಕ, ಮಧ್ಯಾಹ್ನದಿಂದ ರಾತ್ರಿಯವರೆಗೆ ಡ್ಯೂಟಿ. ಹಗಲು ಅವಳನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಮುಲುಂಡಿನ ಆಚೆ ಇಂಥವರನ್ನು ಇಟ್ಟುಕೊಳ್ಳುವ ಆಶ್ರಮವೊಂದಿದೆ ಎಂದು ದೊಡ್ಡಪ್ಪ ಹೇಳಿದ್ದರು. ಅರ್ಜಿಯನ್ನೂ ತಂದುಕೊಟ್ಟಿದ್ದರು. ಅಷ್ಟರಲ್ಲಿ ಯಾರೋ ಅಕ್ಕೋರ ಕೋಣೆಯ ಸುದ್ದಿ ಹೇಳಿದರು. ಅಪ್ಪ ಅರ್ಜಿಯನ್ನು ಮಡಚಿ ಟ್ರಂಕಿನಲ್ಲಿಟ್ಟರು.

"ಆ ಕೋಣಿ ನಡಿಯೂತನಾ ಹುಡುಗಿ ಮನ್ಯಾಗ ಇರಲಿ. ಅದು ನಿಂತ್ರ ನನ್ನ ಕೈಲೆ ಆಗಂಗಿಲ್ಲಪಾ," ಎಂದರು.

ಬೆಳಿಗ್ಗೆ ಒಂಬತ್ತಕ್ಕೆ ನಾನು ಅವಳನ್ನು ಲೋಕಲ್ ರೈಲಿನಲ್ಲಿ ಮಲಾಡಿಗೆ ಕರೆದೊಯ್ಯುತ್ತಿದ್ದೆ. ಹನ್ನೊಂದೂವರೆಯವರೆಗೆ ಅಲ್ಲೇ ಇದ್ದು ಅಕ್ಕೋರಿಗೆ ಕೈಲಾದ ಸಹಾಯ ಮಾಡಿ ಆಫೀಸಿಗೆ ಹೋಗುತ್ತಿದ್ದೆ. ಸಂಜೆ ಅಪ್ಪ ಬಂದು ಕರೆದೊಯ್ಯುತ್ತಿದ್ದರು.

ಕೋಣೆಯ ಒಂದು ಗೋಡೆಯ ಮೇಲೆ ಆರು ಸಾಲು ಮೊಳೆ, ಒಂದು ಮಗುವಿಗೆ ಒಂದು ಸಾಲು. ಮೊಳೆಗಳಿಗೆ ಎಡದಿಂದ ಬಲಕ್ಕೆ ಆ ದಿನದ ಸಾಮಾನು ತೂಗಿರುತ್ತಿತ್ತು. ಮೊದಲು ಸಣ್ಣ ತಂಬಿಗೆ, ಅಂದರೆ ಕೈಕಾಲು ತೊಳೆಯುವುದು. ಆಮೇಲೆ ಮಣಿಸರ, ಮಣಿ ಪೋಣಿಸುವ ಕೆಲಸ. ಅದಾದ ಮೇಲೆ ಪಾಟಿ, ಬರೆಯುವುದು. ನಂತರ ದಾರ ಕಟ್ಟಿದ ಗಂಗಾಳ, ಊಟ. ಚಾಪೆಯ ಚೂರು, ಮಲಗುವುದು. ಚೆಂಡಿನ ಚೀಲ. ಕೊನೆಯ ಮೊಳೆಗೆ ಮಗುವಿನ ಚಪ್ಪಲಿ. ಮಗು ಸಾಲಿನ ಮೊದಲ ಸಾಮಾನನ್ನು ತೆಗೆದುಕೊಂಡು ಆ ಕೆಲಸದ ಜಾಗಕ್ಕೆ ಹೋಗಬೇಕು. ಮುಗಿದ ಮೇಲೆ ಅದನ್ನು ಕಿಟಕಿಯ ಕೆಳಗಿನ ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಬೇಕು. ಮುಗಿದದ್ದು ಮುಗಿಯಿತು. ಮುಂದಿನದು ಗೋಡೆಯ ಮೇಲೆ ಕಾಣುತ್ತಿದೆ.

ಅಕ್ಕೋರು ಇದನ್ನು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ, "ನಮ್ಮಣ್ಣ ಹಿಂಗ ಇದ್ದ. ಅವನ್ನ ಕಂಬಕ್ಕ ಕಟ್ಟಿ ಹಾಕತಿದ್ರು. ಊಟದ ಹೊತ್ತಿಗೆ ಬಿಚ್ಚಾಕಿ ನಾನ," ಎಂದರು. ಸಡಿಲವಾದ ಮೊಳೆಯೊಂದನ್ನು ಒತ್ತುತ್ತ, "ಗಂಗಾಳ ಕಂಡ್ರ ಸುಮ್ಮನಾಗತಿದ್ದ," ಎಂದು ಸೇರಿಸಿದರು.

ಮಕ್ಕಳೊಂದಿಗೆ ಅವರು ಬಹಳ ಕಡಿಮೆ ಮಾತಾಡುತ್ತಿದ್ದರು. ಹೆಚ್ಚು ಮಾತಾಡುವ ತಾಯಂದಿರನ್ನು ಬಾಗಿಲಲ್ಲೇ ತಡೆಯುತ್ತಿದ್ದರು. "ಮಾತು ಗಾಳಿಗೆ ಹೋಗತೈತ್ರಿ. ಗೋಡಿ ಮ್ಯಾಲಿಂದು ಎಲ್ಲಿ ಹೋಗತೈತಿ?" ಅವರು ಕಟ್ಟುನಿಟ್ಟಾಗಿದ್ದ ವಿಷಯ ಇನ್ನೊಂದಿತ್ತು. ಗೋಡೆಯ ಮೇಲಿನ ಸಾಲನ್ನು ಹೇಳದೆ ಬದಲಿಸುವಂತಿಲ್ಲ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಗೊತ್ತಾದರೆ ಇವತ್ತೇ ಪ್ರತಿ ಮಗುವಿನ ಎದುರು ತಂಬಿಗೆ ತೆಗೆದು ತೋರಿಸಿ, ಖಾಲಿ ಮೊಳೆಯನ್ನು ಮುಟ್ಟಿಸುತ್ತಿದ್ದರು. ಸಂಜೆ ಒಮ್ಮೆ, ಬೆಳಿಗ್ಗೆ ಮತ್ತೊಮ್ಮೆ.

"ನಿನ್ನ ಪೇಪರ್‌ದಾಗ ನಿನ್ನಿದು ಇವತ್ತ ಬರತೈತಿ, ತಮ್ಮಾ. ಇಲ್ಲಿ ನಾಳಿದು ಇವತ್ತ ಬರಬೇಕು," ಎಂದು ನನ್ನನ್ನು ಚುಚ್ಚುತ್ತಿದ್ದರು.

ನಾಲ್ಕನೆಯ ತಿಂಗಳು ತಂಗಿ ತಾನಾಗಿಯೇ ತಂಬಿಗೆ ತೆಗೆದುಕೊಂಡಳು. ಅಪ್ಪ ಮನೆಯಲ್ಲೂ ಒಂದು ಸಾಲು ಮೊಳೆ ಹೊಡೆದರು. ಒಂದು ಭಾನುವಾರ ಅವಳು ಗಂಗಾಳವನ್ನು ತಂದು ಅಪ್ಪನ ಮುಂದೆ ಇಟ್ಟು ಕುಳಿತಳು. ಅಪ್ಪ ಅನ್ನ ಬಡಿಸಿದರು. ಅವಳು ಎದ್ದು ಓಡದೆ ಉಂಡು ಮುಗಿಸಿದ್ದು ಅದೇ ಮೊದಲು. ಮರುದಿನ ಅಪ್ಪ ಗಿರಣಿಗೆ ತಡವಾದರೂ ಸರಿ ಎಂದು ನಮ್ಮ ಜೊತೆ ಮಲಾಡಿಗೆ ಬಂದರು. ಅಕ್ಕೋರ ಮುಂದೆ ನಿಂತು, "ಉಂಡಳ್ರಿ," ಎಂದರು.

ಎರಡನೆಯ ವರ್ಷ ಸಂಘಕ್ಕೆ ಹೊಸ ಅಧ್ಯಕ್ಷರು ಬಂದರು. ಉಡುಪಿ ಕಡೆಯವರು, ರೈಲ್ವೆ ಫಾಟಕದ ಆಚೆ ಪಶ್ಚಿಮದಲ್ಲಿ ಅವರ ಹೋಟೆಲು. ಮಕ್ಕಳ ಮಧ್ಯಾಹ್ನದ ಊಟ ದಿನಾ ಹನ್ನೆರಡೂವರೆಗೆ ಅಲ್ಲಿಂದಲೇ ಬರುತ್ತಿತ್ತು. ಒಳ್ಳೆಯ ಮನುಷ್ಯ. ಆದರೆ ಕೋಣೆಯನ್ನು ಹೊಲಿಗೆ ತರಗತಿಗೆ ಕೊಡಬೇಕೆಂದು ಸಂಘದಲ್ಲಿ ಕೆಲವರು ಕೇಳುತ್ತಿದ್ದರು. ತಾನೇ ಒಮ್ಮೆ ನೋಡಿ ತೀರ್ಮಾನಿಸುತ್ತೇನೆ ಎಂದು ಅಧ್ಯಕ್ಷರು ಹೇಳಿಕಳಿಸಿದರು. ಮಂಗಳವಾರ ಊಟದ ಹೊತ್ತಿಗೆ ಬರುವುದೆಂದಾಯಿತು. ಅಕ್ಕೋರು ಸೋಮವಾರವೇ ಮಕ್ಕಳಿಗೆ ಬರುವವರ ಗುರುತಾಗಿ ಒಂದು ಖಾಲಿ ಕುರ್ಚಿ ತೋರಿಸಿ, ಅದನ್ನು ಮೂಲೆಯಲ್ಲಿಟ್ಟರು.

ಮರುದಿನ ಅಧ್ಯಕ್ಷರು ಹನ್ನೊಂದಕ್ಕೇ ಬಂದರು. ಅಕ್ಕೋರು ಹೊರಗೆ ನಲ್ಲಿಯ ಹತ್ತಿರ, ಬಟ್ಟೆ ಒದ್ದೆ ಮಾಡಿಕೊಂಡ ಒಂದು ಮಗುವನ್ನು ತೊಳೆಯುತ್ತಿದ್ದರು. ಒಳಗೆ ನಾನಿದ್ದೆ. ಮಿಕ್ಕ ಐದು ಮಕ್ಕಳು ಮಣಿ ಪೋಣಿಸುತ್ತಿದ್ದರು.

"ಇವರು ಊಟ ಮಾಡುದನ್ನು ನೋಡ್ಬೇಕಿತ್ತು ಮಾರಾಯ್ರೆ. ಸಭೆಯಲ್ಲಿ ಹೇಳ್ಲಿಕ್ಕೆ ಏನಾದ್ರೂ ಬೇಕಲ್ಲ. ನನಗೆ ಹನ್ನೆರಡರ ಲೋಕಲ್ ಹಿಡೀಬೇಕು. ಬರುವಾಗ ಹೋಟೆಲಲ್ಲಿ ಹೇಳಿಯೇ ಬಂದಿದ್ದೇನೆ, ಐದು ನಿಮಿಷದಲ್ಲಿ ಇಡ್ಲಿ ಬರ್ತದೆ," ಎಂದರು.

ಪತ್ರಿಕೆಯಲ್ಲಿ ನನ್ನ ಕೆಲಸವೇ ಅದು. ತಡವಾಗಿ ಬಂದ ಸುದ್ದಿ ದೊಡ್ಡದಾದರೆ ಮೇಲಿನದನ್ನು ಕೆಳಗೆ ತಳ್ಳಿ, ಅದನ್ನು ಮೇಲೆ ತರುವುದು. ಕೈ ಅದಕ್ಕೆ ಪಳಗಿತ್ತು. ನಾನು ಎದ್ದು ಆರೂ ಸಾಲಿನಲ್ಲಿ ಪಾಟಿಯನ್ನು ಹಿಂದಕ್ಕೆ ಹಾಕಿ ಗಂಗಾಳವನ್ನು ಮೊದಲಿಗೆ ತಂದೆ.

ಮಕ್ಕಳು ನೋಡಿದರು. ಮಣಿಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಗಂಗಾಳ ತೆಗೆದುಕೊಂಡು ಊಟದ ಜಾಗದಲ್ಲಿ ಸಾಲಾಗಿ ಕುಳಿತರು. ಅಧ್ಯಕ್ಷರು, "ಅರೆ, ಎಷ್ಟು ಚಂದ," ಎಂದರು. ಆ ಮಾತು ನನಗೆ ಈಗಲೂ ನೆನಪಿದೆ.

ಐದು ನಿಮಿಷವಾಯಿತು, ಹತ್ತಾಯಿತು. ಊಟ ಬರಲಿಲ್ಲ. ಫಾಟಕ ಬಿದ್ದಿತ್ತು. ಒಂದು ಗಾಡಿ ಹೋದ ಮೇಲೆ ಇನ್ನೊಂದಕ್ಕಾಗಿ ಕಾಯುತ್ತ ಹೋಟೆಲಿನವನು ಇಡ್ಲಿಯ ಪಾತ್ರೆ ಹೊತ್ತು ಆಚೆ ನಿಂತಿದ್ದ. ಇದೆಲ್ಲ ನಮಗೆ ಆಮೇಲೆ ಗೊತ್ತಾಯಿತು. ಗೋಡೆಯ ಮೇಲಿದ್ದದ್ದು ನಡೆಯದೆ ಹೋದದ್ದು ಆ ಕೋಣೆಯಲ್ಲಿ ಅದೇ ಮೊದಲು. ಒಬ್ಬ ಹುಡುಗ ಗಂಗಾಳವನ್ನು ನೆಲಕ್ಕೆ ಬಡಿಯತೊಡಗಿದ. ಇನ್ನೊಬ್ಬ ಅಧ್ಯಕ್ಷರ ಧೋತರ ಹಿಡಿದು ಜಗ್ಗಿದ. ತಂಗಿ ತನ್ನ ಮುಂಗೈಯನ್ನು ಕಚ್ಚಿ ಹಿಡಿದಳು, ಬಿಡಲಿಲ್ಲ. ರಕ್ತ ಬಂತು. ಅಕ್ಕೋರು ಓಡಿ ಒಳಬಂದಾಗ ಅಧ್ಯಕ್ಷರು ಬಾಗಿಲಿಗೆ ಅಂಟಿಕೊಂಡು ನಿಂತಿದ್ದರು.

"ಎಂತದಿದು? ಒಂದು ಗಳಿಗೆ ಮುಂಚೆ ಸರಿ ಇದ್ರಲ್ಲ. ಯಾರು ಏನು ಮಾಡಿದ್ದು?"

ಅಕ್ಕೋರು ತಂಗಿಯ ಬಾಯಿಯಿಂದ ಕೈ ಬಿಡಿಸುತ್ತ ಗೋಡೆಯತ್ತ ನೋಡಿದರು. ಸಾಲು ಬದಲಾದದ್ದು ಅವರಿಗೆ ಕಂಡಿತು. ನನ್ನನ್ನು ಒಮ್ಮೆ ನೋಡಿದರು.

"ನಾನ್ರಿ. ಗಂಗಾಳ ಮುಂದ ಹಾಕಿದ್ದು ನಾನ. ತಪ್ಪಾತು," ಎಂದರು.

ಹೋಟೆಲಿನ ಮಾಲಿಕರಿಗೆ ಗಂಗಾಳದ ಅರ್ಥ ಏನು ತಿಳಿಯಬೇಕು? ಕಲಿಸುವವರ ಕೈಯಲ್ಲೇ ಹೀಗಾಗುತ್ತದೆ ಎಂದಷ್ಟೇ ಅವರಿಗೆ ತಿಳಿಯಿತು. ನಾನು ಬಾಯಿ ತೆರೆಯಲಿಲ್ಲ.

ಅವರು ಹೋದ ಮೇಲೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅಕ್ಕೋರು ತಂಗಿಯ ಕೈಗೆ ಬಟ್ಟೆ ಸುತ್ತುತ್ತಿದ್ದರು. "ನೀ ಮಾಡಿದ್ದಂತ ಗೊತ್ತಾದ್ರ ಮನ್ಯಾಗ ನಿಮ್ಮಪ್ಪಾರು ನಿನ್ನ ಮಾತು ನಂಬಂಗಿಲ್ಲ. ಈಕಿ ಪರವಾಗಿ ಮಾತಾಡಾಕ ಒಬ್ಬರರ ಬೇಕಲ್ಲೋ. ಒಂದು ತಪ್ಪಿಗೆ ಯಾರೂ ಕೋಣಿ ಮುಚ್ಚಂಗಿಲ್ಲ, ತಗೋ."

ಹದಿನೈದು ದಿನದಲ್ಲಿ ಕೋಣೆ ಬಿಡಬೇಕೆಂದು ಸಂಘದವರು ಹೇಳಿಕಳಿಸಿದರು. ಆ ಹದಿನೈದೂ ದಿನ ಅಕ್ಕೋರು ಮಕ್ಕಳಿಗೆ ದಿನಕ್ಕೊಂದಿಷ್ಟು ಮೊಳೆ ಕಿತ್ತು ತೋರಿಸಿದರು. ಕೊನೆಯ ದಿನ ಗೋಡೆಯಲ್ಲಿ ತೂತುಗಳಷ್ಟೇ ಇದ್ದವು. ಮಕ್ಕಳು ಗಲಾಟೆ ಮಾಡಲಿಲ್ಲ.

ಮನೆಯಲ್ಲಿ ಮೂರು ವಾರ ಪ್ರಯತ್ನಿಸಿದೆವು. ನಾನು ಆಫೀಸಿಗೆ ಹೊರಟ ಮೇಲೆ ಅಪ್ಪ ಬರುವವರೆಗೆ ಅವಳನ್ನು ಒಳಗಿಟ್ಟು ಬೀಗ ಹಾಕಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ಅವಳು ಕಿಟಕಿಯ ಗಾಜು ಒಡೆದಳು. ಅಂಗೈ ಸೀಳಿತು. ಚಾಳಿನವರು ಬೀಗ ಮುರಿದು ಆಸ್ಪತ್ರೆಗೆ ಒಯ್ದಿದ್ದರು. ನಾನು ಅವಳ ಪರವಾಗಿ ಮಾತಾಡಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಟ್ರಂಕು ತೆರೆದು ಅರ್ಜಿ ತೆಗೆದರು.

ಅವಳನ್ನು ಆಶ್ರಮದಲ್ಲಿ ಬಿಟ್ಟು ಬಂದ ಮೇಲೆ ನಾನು ಅಧ್ಯಕ್ಷರ ಹೋಟೆಲಿಗೆ ಹೋದೆ. ಗಲ್ಲಾಪೆಟ್ಟಿಗೆಯ ಮುಂದೆ ನಿಂತು, ಅವತ್ತು ತಟ್ಟೆ ಜರುಗಿಸಿದ್ದು ಅಕ್ಕೋರಲ್ಲ, ನಾನು ಎಂದೆ.

"ಯಾವ ತಟ್ಟೆ ಮಾರಾಯ್ರೆ?" ಎಂದರು. ನಿಜಕ್ಕೂ ಅವರಿಗೆ ನೆನಪಿರಲಿಲ್ಲ. ಚಹಾ ಕುಡಿದು ಹೋಗಿ ಎಂದರು.

ಅಕ್ಕೋರಿಗೆ ಇದನ್ನು ಹೇಳಿದಾಗ ಅವರು ಸಿಟ್ಟಾಗಲಿಲ್ಲ. "ಈಗ ಅಲ್ಲಿಗ್ಯಾಕ ಹೋದಿ? ಗುರುವಾರ ನನ್ನ ಜೋಡಿ ಬಾ. ಅದು ಬೇಕಾಗೇತಿ," ಎಂದರು.

ಆಶ್ರಮದಲ್ಲಿ ಭೇಟಿಗೆ ಬಿಡುವುದು ಗುರುವಾರ ಮೂರರಿಂದ ನಾಲ್ಕರವರೆಗೆ ಮಾತ್ರ. ಗೋಡೆಗೆ ಮೊಳೆ ಹೊಡೆಯಲು ಅಲ್ಲಿಯವರು ಒಪ್ಪಲಿಲ್ಲ. ಸಾಮಾನು ತರಲೂ ಬಿಡಲಿಲ್ಲ. ಅಕ್ಕೋರು ಬರಿಗೈಯಲ್ಲಿ ಹೋಗುತ್ತಿದ್ದರು. ಮಲಾಡಿನಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಮುಲುಂಡ್, ಅಲ್ಲಿಂದ ನಡಿಗೆ. ಗೇಟಿನ ಒಳಗೆ ಒಂದು ಕಲ್ಲಿನ ಬೆಂಚು. ಯಾವಾಗಲೂ ಅದೇ ಬೆಂಚು, ತಂಗಿ ಈ ತುದಿ, ಅಕ್ಕೋರು ಆ ತುದಿ. ಇಬ್ಬರೂ ಮಾತಿಲ್ಲದೆ ಒಂದು ಗಂಟೆ ಕೂರುತ್ತಿದ್ದರು. ಹೊರಡುವಾಗ ಅಕ್ಕೋರು, ಮತ್ತೆ ಬರಲು ಏಳು ದಿನ ಎಂದು, ಏಳು ಬೆರಳು ತೋರಿಸುತ್ತಿದ್ದರು. ಅವಳು ದಿನಕ್ಕೊಂದು ಬೆರಳು ಮಡಚುತ್ತಾಳೆ, ಮಡಚಿದ್ದನ್ನು ಊಟದಲ್ಲೂ ಬಿಚ್ಚುವುದಿಲ್ಲ ಎಂದು ಅಲ್ಲಿನ ಆಯಾ ನನಗೆ ಹೇಳಿದಳು. ನಾನು ಹೋದದ್ದು ನಾಲ್ಕೈದು ಸಲ. ಡ್ಯೂಟಿ ಇರುತ್ತಿತ್ತು. ಡ್ಯೂಟಿ ಬದಲಿಸಿಕೊಳ್ಳಬಹುದಿತ್ತು.

ಅಕ್ಕೋರು ಎರಡು ವರ್ಷ ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಆಮೇಲೆ ಎದೆಯ ಕಾಯಿಲೆ ಬಂತು. ನಾನು ಆಸ್ಪತ್ರೆಗೆ ಹೋದ ಭಾನುವಾರ ಅವರು ಗೋಡೆಗೆ ಒರಗಿ ಕುಳಿತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು.

"ಗುರುವಾರ ನಾ ಬರಂಗಿಲ್ಲಂತ ಆಕಿಗೆ ಮೊದಲ ತಿಳಿಸಬೇಕಲ್ಲೋ, ತಮ್ಮಾ."

"ಹೆಂಗ ತಿಳಿಸಲಿ, ಅಕ್ಕೋರ?"

ಅವರು ತಮ್ಮ ಬೆರಳುಗಳನ್ನು ಎತ್ತಿ ನೋಡಿಕೊಂಡರು, ಮತ್ತೆ ಕೆಳಗಿಟ್ಟರು.

"ನನಗೂ ತಿಳೀವಲ್ದು," ಎಂದರು.

ಮಂಗಳವಾರ ತೀರಿಕೊಂಡರು. ನಮ್ಮ ಪತ್ರಿಕೆಯಲ್ಲಿ ನಾನೇ ನಾಲ್ಕು ಸಾಲು ಬರೆದೆ. ಕೋಣೆ ಮುಚ್ಚಿದ್ದು ಯಾರ ತಪ್ಪಿನಿಂದ ಎಂದು ಅದರಲ್ಲಿ ಇರಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಆ ಗುರುವಾರ ನಾನು ಹೋದಾಗ ತಂಗಿ ಬೆಂಚಿನ ತನ್ನ ತುದಿಯಲ್ಲಿ ಕುಳಿತಿದ್ದಳು. ಗೇಟಿನತ್ತ ನೋಡುತ್ತಿದ್ದಳು. ನಾನು ಆ ತುದಿಯಲ್ಲಿ ಕೂರಲು ಹೋದೆ. ಅವಳು ಎರಡೂ ಕೈಯಿಂದ ನನ್ನನ್ನು ತಳ್ಳಿದಳು. ಜೋರಾಗಿ ಅಲ್ಲ. ಯಾರೋ ಬರುವವರಿದ್ದಾರೆ, ಜಾಗ ಬಿಡು ಎನ್ನುವಷ್ಟು. ನಾನು ಎದ್ದು ಪಕ್ಕದಲ್ಲಿ ನಿಂತೆ. ನಾಲ್ಕು ಗಂಟೆಗೆ ಆಯಾ ಬಂದು ಅವಳನ್ನು ಎಬ್ಬಿಸಿದಳು.

ಅದರ ಮುಂದಿನ ಗುರುವಾರವೂ ಹೋದೆ. ಆಫೀಸಿನಲ್ಲಿ ಕೇಳಿ ವಾರದ ರಜೆಯನ್ನು ಗುರುವಾರಕ್ಕೆ ಹಾಕಿಸಿಕೊಂಡೆ. ಅವಳು ಮತ್ತೆ ಹನ್ನೊಂದು ವರ್ಷ ಬದುಕಿದ್ದಳು. ಅಷ್ಟು ದಿನವೂ ಅವಳು ಆ ಜಾಗ ಯಾರಿಗೂ ಬಿಟ್ಟುಕೊಡಲಿಲ್ಲ. ಮೂರರಿಂದ ನಾಲ್ಕರವರೆಗೆ ನಾನು ನಿಂತೇ ಇರುತ್ತಿದ್ದೆ.